ಉಳಿದ ಹನ್ನೊಂದು ನಿಮಿಷ

ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಕಸೂತಿಯ ನಕ್ಷೆ ಬರೆದುಕೊಡುವುದು ಸಾಲೇಹಾಳ ಕಸುಬು. ಬಟರ್ ಪೇಪರಿನ ಮೇಲೆ ಬಳ್ಳಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಪುಡಿ ಉಜ್ಜಿದರೆ ನಕ್ಷೆ ಬಟ್ಟೆಗೆ ಇಳಿಯುತ್ತದೆ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವಳಿಗೆ ಜಪಾನಿನ ಒಬ್ಬ ಅನಿಮೇಷನ್ ನಿರ್ದೇಶಕನ ಚಿತ್ರಗಳು ಕಣ್ಣಿಗೆ ಬಿದ್ದದ್ದು 2002ರಲ್ಲಿ, ಮಸೀದಿ ರಸ್ತೆಯ ಒಂದು ವಿ.ಸಿ.ಡಿ. ಅಂಗಡಿಯಲ್ಲಿ. ಕೈಯಿಂದ ಗೆರೆ ಎಳೆದು ಬದುಕುವವನ ಕಷ್ಟ ಕೈಯಿಂದ ಗೆರೆ ಎಳೆಯುವವಳಿಗೇ ಗೊತ್ತು.

ಅವಳಿಗೆ ಅತ್ಯಂತ ಪ್ರಿಯವಾದದ್ದು ಬಂದರೂರಿನ ಒಬ್ಬ ಅಗಸಗಿತ್ತಿ ಮತ್ತು ಅವಳ ಮೊಮ್ಮಗಳ ಕಥೆ. ಹುಡುಗಿಯ ತಂದೆ ಕಡಲಿಗೆ ಹೋದವನು ಮರಳಿಲ್ಲ. ಅಜ್ಜಿ, ಮೊಮ್ಮಗಳು ಗಾಳಿಯಲ್ಲಿ ನಿಂತು ಒಂದು ಹಾಸುಬಟ್ಟೆ ಮಡಿಸುವ ದೃಶ್ಯವಿದೆ. ಸಾಲೇಹಾ ಅದನ್ನು ನಿಲ್ಲಿಸಿ ನಿಲ್ಲಿಸಿ ಎಣಿಸಿದಳು. ಸೆಕೆಂಡಿಗೆ ಹನ್ನೆರಡರಂತೆ ಒಂಬತ್ತು ಸೆಕೆಂಡಿಗೆ ನೂರೆಂಟು ಚಿತ್ರ. ನೂರೆಂಟರಲ್ಲಿಯೂ ಬಟ್ಟೆಗೆ ಒದ್ದೆಯ ಭಾರವಿತ್ತು. ಒಣಗಿದ ಅಂಚು ಮಾತ್ರ ಹಗುರವಾಗಿ ಹಾರುತ್ತಿತ್ತು. ಬಟ್ಟೆ ಮುಟ್ಟದವನಿಂದ ಇದನ್ನು ಬರೆಯಲಾಗದು ಎಂದು ಅವಳು ತೀರ್ಮಾನಿಸಿದಳು.

ಇಂದಿರಾನಗರದಲ್ಲಿ ಸಿನಿಮಾ ತೋರಿಸಿ ಚರ್ಚಿಸುವ ಒಂದು ಚಿತ್ರಬಳಗದಲ್ಲಿ ಅವಳು ಇದನ್ನು ಹೇಳಿದಾಗ ಕಾರ್ಯದರ್ಶಿ ರವಿಕಿರಣ ಕಿವಿ ನೆಟ್ಟಗೆ ಮಾಡಿದ. ಆಫೀಸಿನಲ್ಲಿ ದೊಡ್ಡ ಹುದ್ದೆಯವನು, ಮಾತುಗಾರ. “ಬರೆದುಕೊಡಿ ಮೇಡಂ, ನಮ್ಮ ಪತ್ರಿಕೆಗೆ ಹಾಕೋಣ” ಎಂದ. ಸಾಲೇಹಾ ಎರಡು ತಿಂಗಳು ಕೂತು ಹದಿನಾಲ್ಕು ಪುಟ ಬರೆದಳು. ನಕ್ಷೆಗಳಲ್ಲಿ ಅವಳ ಹೆಸರು ಎಂದೂ ಇರಲಿಲ್ಲ. ಬಳ್ಳಿ ಅವಳದು, ಬ್ಲೌಸ್ ಅಂಗಡಿಯದು. ಇದೊಂದರ ಕೆಳಗಾದರೂ ತನ್ನ ಹೆಸರು ಅಚ್ಚಾಗಲಿ ಎಂಬುದೇ ಅವಳ ಆಸೆ.

ಪತ್ರಿಕೆ ಬಂತು. ಹದಿನಾಲ್ಕು ಪುಟವೂ ಇತ್ತು, ನೂರೆಂಟರ ಲೆಕ್ಕವೂ ಇತ್ತು. ಕೆಳಗೆ ರವಿಕಿರಣನ ಹೆಸರಿತ್ತು.

“ಇದು ನಾನು ಬರೆದದ್ದಲ್ವಾ?” ಎಂದು ಅವಳು ಕೇಳಿದಳು.

“ಅಯ್ಯೋ ಮೇಡಂ, ಪಾಯಿಂಟ್ಸ್ ನಿಮ್ದೇ. ಆದ್ರೆ ಕನ್ನಡ ಎಲ್ಲಾ ನಾನು ತಿದ್ದಿದೀನಿ. ನಿಮ್ಮ ಕಡೆಯವರ ಕನ್ನಡ ಹೆಂಗಿರತ್ತೆ, ನಿಮಗೇ ಗೊತ್ತಲ್ಲ,” ಎಂದು ಅವನು ನಕ್ಕ. “ಯಾರು ಬರೆದ್ರೇನು, ಓದೋರಿಗೆ ತಲುಪಿದ್ರೆ ಸಾಕು.”

ಅವನು ತಿದ್ದಿದ್ದು ಮೂರು ಅಲ್ಪವಿರಾಮ. ಹಲಸೂರಿನ ಸರ್ಕಾರಿ ಶಾಲೆಯಲ್ಲಿ ಹತ್ತು ವರ್ಷ ಕನ್ನಡ ಓದಿದ ಸಾಲೇಹಾ ಮನೆಗೆ ಬಂದು ತನ್ನ ಕರಡನ್ನೂ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು ಅದನ್ನು ಖಚಿತಪಡಿಸಿಕೊಂಡಳು. ಅಂದಿನಿಂದ ಅವಳ ಹೊಟ್ಟೆಯಲ್ಲೊಂದು ಕೆಂಡ ಬೂದಿ ಮುಚ್ಚಿಕೊಂಡು ಕೂತಿತು.

ಲೇಖನದಿಂದ ರವಿಕಿರಣನಿಗೆ ಹೆಸರಾಯಿತು. ಜಪಾನಿನಿಂದ ಒಬ್ಬ ಪ್ರಾಧ್ಯಾಪಕರು ಚಿತ್ರದ ಅಸಲಿ ಪ್ರತಿಯೊಡನೆ ಬರುವರೆಂದೂ, ಪ್ರದರ್ಶನಕ್ಕೆ ಮುನ್ನ ರವಿಕಿರಣ ಉಪನ್ಯಾಸ ಮಾಡುವನೆಂದೂ ಗೊತ್ತಾಯಿತು. ಅದೇ ವಾರ ಸಾಲೇಹಾಳ ತಂಗಿ ಜಹನಾರಾ ದುಬೈಯಿಂದ ಬಂದಳು. ಅಕ್ಕನ ಹುಚ್ಚು ಬಲ್ಲವಳು. ಅದೇ ಚಿತ್ರದ ಅಸಲಿ ಡಿ.ವಿ.ಡಿ. ತಂದಿದ್ದಳು.

ಇಬ್ಬರೂ ನೋಡಲು ಕೂತರು. ಕೊನೆಗೆ ಯಾರೋ ಕದ ತಟ್ಟುತ್ತಾರೆ. ಹುಡುಗಿ ಚಿಲಕ ಸರಿಸುತ್ತಾಳೆ. ಕದ ಒಂದು ಗೇಣು ತೆರೆಯುತ್ತದೆ. ಸಾಲೇಹಾ ಎದ್ದಳು. “ಮುಗೀತು.”

“ಎಲ್ಲಿ ಮುಗೀತು ಆಪಾ? ಇನ್ನೂ ನಡೀತಾ ಇದೆ, ಕೂತ್ಕೋ.”

ಹೊರಗಿದ್ದವನು ತಂದೆಯಲ್ಲ, ಮಳೆಯಲ್ಲಿ ನೆಂದ ಅಂಚೆಯವನು. ಅವನ ಬಳಿ ಇವರಿಗೆ ಕಾಗದವೇನೂ ಇರಲಿಲ್ಲ. ಅಜ್ಜಿ ಅವನನ್ನು ಒಳಗೆ ಕರೆದು, ಮಗನಿಗೆಂದು ದಿನವೂ ತೆಗೆದಿಡುತ್ತಿದ್ದ ಊಟ ಬಡಿಸಿದಳು. ಅವನು ಉಂಡ. ಆಮೇಲೆ ಚಿತ್ರ ಬರೆದ ನೂರಾರು ಜನರ ಹೆಸರುಗಳು ಸಾಲುಸಾಲಾಗಿ ಮೇಲಕ್ಕೆ ಹೋದವು.

ಚಿತ್ರದ ಅವಧಿ ತೊಂಬತ್ತೊಂದು ನಿಮಿಷ. ವಿ.ಸಿ.ಡಿ.ಯ ಒಂದು ತಟ್ಟೆ ಹಿಡಿಯುವುದು ಎಂಬತ್ತು. ನಕಲು ಮಾಡಿದವನು ಎರಡನೆಯ ತಟ್ಟೆಯ ಖರ್ಚು ಉಳಿಸಲು ಹನ್ನೊಂದು ನಿಮಿಷ ಕತ್ತರಿಸಿ ಎಸೆದಿದ್ದ. ಸಾಲೇಹಾ ಅದನ್ನೇ ಕಲೆಯೆಂದು ನಂಬಿದ್ದಳು. “ಬಾಗಿಲು ತೆರೆಯುವಲ್ಲೇ ಕಥೆ ನಿಲ್ಲಿಸುವ ಎದೆಗಾರಿಕೆ ಈತನೊಬ್ಬನಿಗೇ ಇದೆ, ಕೊನೆಯಲ್ಲಿ ತನ್ನ ಹೆಸರನ್ನೂ ಹಾಕಿಕೊಳ್ಳದ ವಿನಯ ಇನ್ನಾರಿಗೂ ಇಲ್ಲ” ಎಂದು ಹನ್ನೆರಡನೆಯ ಪುಟದಲ್ಲಿ ಬರೆದಿದ್ದಳು.

ಮೊದಲು ನಾಚಿಕೆಯಾಯಿತು. ಅಷ್ಟು ಪ್ರೀತಿಸಿದವನ ಕೈಕೆಲಸಕ್ಕೂ ಕಳ್ಳನ ಕತ್ತರಿಗೂ ವ್ಯತ್ಯಾಸ ತಿಳಿಯಲಿಲ್ಲವಲ್ಲ ಎಂದು ಹಲ್ಲು ಕಚ್ಚಿ ಕೂತಳು. ಆಮೇಲೆ ಬೇರೊಂದು ಯೋಚನೆ ಬಂತು. ಈ ತಪ್ಪು ಈಗ ಯಾರ ಹೆಸರಿನಲ್ಲಿದೆ?

ಉಪನ್ಯಾಸಕ್ಕೆ ಎರಡು ದಿನವಿದ್ದಾಗ ರವಿಕಿರಣ ಫೋನು ಮಾಡಿದ. “ಮೇಡಂ, ಬೇಜಾರೆಲ್ಲ ಮರೆತುಬಿಡಿ. ಕೊನೆಗೆ ಇನ್ನೇನಾದ್ರೂ ಸೇರಿಸ್ಬೇಕಾ? ನನ್ನ ಫೇವರಿಟ್ ಚಿತ್ರ ಇದು, ಚೆನ್ನಾಗಿ ಆಗ್ಬೇಕು.”

ತಂಗಿ ಎದುರಿಗೇ ಇದ್ದಳು. ತಪ್ಪಿನ ವಿಷಯ ಹೇಳಿಬಿಡು ಎಂಬಂತೆ ಕೈಸನ್ನೆ ಮಾಡಿದಳು. ಸಾಲೇಹಾ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಏನೂ ಬೇಡ ಸರ್. ಹನ್ನೆರಡನೇ ಪುಟ ಇದೆಯಲ್ಲ, ಅದನ್ನೇ ನಿಧಾನವಾಗಿ ಓದಿ.”

ಅವನು ನಿಧಾನವಾಗಿಯೇ ಓದಿದ. ಸಭೆಯಲ್ಲಿ ನೂರಾ ನಲವತ್ತು ಜನ. ತೆರೆದ ಬಾಗಿಲಿನ ಎದೆಗಾರಿಕೆಯನ್ನು ಎರಡು ಸಲ ಹೇಳಿದ, ವಿನಯಕ್ಕೆ ಬಂದಾಗ ಕೈಯನ್ನು ಎದೆಗಿಟ್ಟುಕೊಂಡ. ಮುಂದಿನ ಸಾಲಿನಲ್ಲಿ ದುಭಾಷಿ ಪಿಸುಗುಟ್ಟುತ್ತಿದ್ದಂತೆ ಪ್ರಾಧ್ಯಾಪಕರ ಮುಖದ ನಗೆ ಇಳಿಯಿತು. ಸಾಲೇಹಾ ಕೊನೆಯ ಸಾಲಿನಿಂದ ಆ ಮುಖ ನೋಡಿ ಸೆರಗು ಸರಿಮಾಡಿಕೊಂಡಳು.

ದೀಪ ಆರಿತು. ಎಂಬತ್ತು ನಿಮಿಷ ಕಳೆದು ಕದ ಒಂದು ಗೇಣು ತೆರೆಯಿತು, ಆಮೇಲೆ ಪೂರ್ತಿ ತೆರೆಯಿತು. ಅಂಚೆಯವನು ಒಳಗೆ ಬಂದ. ಯಾರೋ ಕಿಸಕ್ಕೆಂದರು. ಹೆಸರುಗಳು ಮೇಲೇರತೊಡಗಿದಾಗ ನಗೆ ಸಭೆಯ ತುಂಬ ಹರಡಿತು.

ದೀಪ ಹತ್ತಿದ ಮೇಲೆ ಬಳಗದ ಅಧ್ಯಕ್ಷ ಮುನಿರಾಜಪ್ಪ, ಹಳೆಯ ಹೆಡ್‌ಮಾಸ್ಟರು, ಎದ್ದು ನಿಂತರು. “ಏನ್ರೀ ರವಿಕಿರಣ, ಹೆಸರೇ ಹಾಕ್ಕೊಳ್ಳಲ್ಲ ಅಂದ್ರಿ. ಇಲ್ಲಿ ವೋಟರ್ ಲಿಸ್ಟೇ ಬಂತಲ್ರೀ.”

 ರವಿಕಿರಣನ ಕಣ್ಣು ಸಾಲು ಸಾಲು ಹುಡುಕಿ ಕೊನೆಯ ಸಾಲಿಗೆ ಬಂತು. “ಸರ್, ಅದು ನಾನು ಬರೆದಿದ್ದಲ್ಲ. ಅಲ್ಲಿ ಕೂತಿದ್ದಾರಲ್ಲ, ಸಾಲೇಹಾ ಮೇಡಂ. ಅಷ್ಟೂ ಅವರೇ ಬರೆದಿದ್ದು. ಮೊದಲಿಂದ ಕೊನೆಯವರೆಗೆ.”

ನೂರಾ ನಲವತ್ತು ತಲೆ ಹಿಂದಕ್ಕೆ ತಿರುಗಿದವು. ಸುಮ್ಮನಿದ್ದರೆ ತಪ್ಪು ಅವನ ಕೊರಳಲ್ಲೇ ಉಳಿಯುತ್ತಿತ್ತು. ಆದರೆ ಹದಿನಾಲ್ಕು ಪುಟವೂ ಅವನ ಹೆಸರಿನಲ್ಲೇ ಉಳಿಯುತ್ತಿತ್ತು. ಸಾಲೇಹಾ ಎದ್ದಳು.

“ಹೌದು ಸರ್, ನಾನೇ ಬರೆದದ್ದು. ತಪ್ಪೂ ನಂದೇ. ನನಗೆ ಸಿಕ್ಕ ವಿ.ಸಿ.ಡಿ.ಯಲ್ಲಿ ಎಂಬತ್ತೇ ನಿಮಿಷ ಇತ್ತು, ಅಷ್ಟನ್ನೂ ಮೂವತ್ತು ಸಲ ನೋಡಿ ಬರೆದೆ.” ಅವಳ ದನಿ ಏರಲಿಲ್ಲ. “ಇವರು ಎಷ್ಟು ನಿಮಿಷ ನೋಡಿ ಸಹಿ ಹಾಕಿದ್ರು, ಸ್ವಲ್ಪ ಕೇಳಿ.”

ಮುನಿರಾಜಪ್ಪ ಕನ್ನಡಕ ತೆಗೆದರು. “ಹೇಳ್ರೀ. ನೋಡಿದ್ರಾ?”

ರವಿಕಿರಣ ಕೈಯಲ್ಲಿದ್ದ ಕಾಗದ ಮಡಿಸಿದ, ಬಿಚ್ಚಿದ. ಪ್ರಾಧ್ಯಾಪಕರು ದುಭಾಷಿಯ ಕಡೆ ವಾಲಿ ಕಾದರು. ಸಾಲೇಹಾ ನಿಂತೇ ಇದ್ದಳು.

“ಇವತ್ತೇ ಮೊದಲು, ಸರ್.”

“ಕೇಳಿಸಲಿಲ್ಲ,” ಎಂದಳು ಸಾಲೇಹಾ. ಅವನು ಇನ್ನೊಮ್ಮೆ ಹೇಳಿದ ಮೇಲೆ ಕುರ್ಚಿ ಎಳೆದು ಕೂತಳು.