ಕಪ್ಪು ಹೆಬ್ಬೆರಳಿನ ನಿರೂಪಕ

ಫ್ರೇಮಣ್ಣನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಓಡಿಸುವುದು ಹಾಗಿರಲಿ, ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತರೂ ಎರಡನೇ ತಿರುವಿಗೆ ಹೊಟ್ಟೆ ತೊಳಸುತ್ತಿತ್ತು. ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಬೀದಿಯವರು ಅವನನ್ನು ಫ್ರೇಮಣ್ಣ ಎಂದು ಕರೆಯತೊಡಗಿ ಎಷ್ಟು ಕಾಲವಾಗಿತ್ತೆಂದರೆ, ಅವನ ನಿಜವಾದ ಹೆಸರು ಹೆಂಡತಿಗೂ ಥಟ್ಟನೆ ಬಾಯಿಗೆ ಬರುತ್ತಿರಲಿಲ್ಲ.

ಇಂಥವನ ಬದುಕಿನೊಳಗೆ 'ಗಾಲಿ ಗಲಾಟೆ' ನುಗ್ಗಿದ್ದು ಒಂದು ಸುತ್ತಿಗೆಯ ದೆಸೆಯಿಂದ.

'ಗಾಲಿ ಗಲಾಟೆ' ಎಂದರೆ ಟೀವಿಯಲ್ಲಿ ಬರುವ ಕಾರುಗಳ ಕಾರ್ಯಕ್ರಮ. ಮೂವರು ನಿರೂಪಕರು ಹಳೆಯ ಗಾಡಿಗಳನ್ನು ಗುಡ್ಡ ಹತ್ತಿಸಿ, ಕೆಸರಿಗಿಳಿಸಿ, ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಬೈದುಕೊಂಡು ಕೊನೆಗೆ ಹೇಗೋ ಊರು ಸೇರುತ್ತಿದ್ದರು. ಫ್ರೇಮಣ್ಣನ ಬೀದಿಯಲ್ಲಿ ಇದರ ಹುಚ್ಚು ಹಿಡಿದವರ ಒಂದು ಸಂಘವೇ ಇತ್ತು. ಟೈರ್ ಅಂಗಡಿಯ ಮಾಳಿಗೆಯಲ್ಲಿ ಸೇರುತ್ತಿದ್ದ ಆ ಸಂಘಕ್ಕೆ ಕನ್ನಡಕದಂಗಡಿಯವರು ಅಧ್ಯಕ್ಷರು. ಟೈರ್ ಅಂಗಡಿಯಲ್ಲೇ ಕೆಲಸಕ್ಕಿದ್ದ ಫ್ರೇಮಣ್ಣನ ಭಾವಮೈದ ಕಾರ್ಯದರ್ಶಿ.

ಹೋದ ಸೀಸನ್ನಿನ ಕೊನೆಗೆ ಮೂರನೆಯ ನಿರೂಪಕ ಜಗಳವಾಡಿ ಬಿಟ್ಟುಹೋಗಿದ್ದ. ಅವನ ಜಾಗಕ್ಕೆ ಯಾರು ಬರುತ್ತಾರೋ ಎಂಬ ಕೊರಗಿನಲ್ಲಿ ಸಂಘದವರು ವರ್ಷವಿಡೀ ಬಡವಾಗಿದ್ದರು. ಕಡೆಗೂ ಹೊಸ ಸೀಸನ್ನಿನ ಟ್ರೇಲರ್ ಬಂತು. ಅದರಲ್ಲಿ ಹೊಸಬರ ಮುಖವೇ ಇಲ್ಲ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಗೇರ್ ಬದಲಿಸುವ ಒಂದು ಕೈ, ಆ ಕೈಯ ಹೆಬ್ಬೆರಳಲ್ಲಿ ಕಪ್ಪು ಉಗುರು. ಅಷ್ಟೇ.

ಅದೇ ವಾರ ಫ್ರೇಮಣ್ಣ ಯಾರದೋ ಮದುವೆ ಫೋಟೋಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡಿದ್ದ. ಕಣ್ಣು ಮಂಜಾಗಿದ್ದರಿಂದಲೇ ಹೀಗಾಯಿತೆಂದು ಹೆಂಡತಿ ಗದರಿಸಿ ಕನ್ನಡಕದಂಗಡಿಗೆ ಕಳಿಸಿದಳು. ಕನ್ನಡಕದಂಗಡಿಯವರು ಅವನ ಕಣ್ಣನ್ನು ನೋಡಲೇ ಇಲ್ಲ. ಬೆರಳನ್ನು ಹಿಡಿದು ಭೂತಗನ್ನಡಿಯ ಕೆಳಗಿಟ್ಟುಕೊಂಡರು.

"ಯಾವ ಕೈ ಇದು?"

"ಎಡಗೈ."

"ಗೇರ್ ಇರೋದೂ ಎಡಗಡೇನೇ," ಎಂದು ಅವರು ತಮ್ಮಷ್ಟಕ್ಕೆ ಅಂದುಕೊಂಡು, ಎದ್ದು ಹೋಗಿ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದು ಬಂದರು. "ನೀವೇನೂ ಹೇಳ್ಬೇಡಿ. ನಾನೂ ಏನೂ ಕೇಳಲ್ಲ."

"ಸುತ್ತಿಗೆ ಜಾರಿ ಬಿತ್ತು ಸಾರ್."

"ಹಾಗೇ ಹೇಳಿ. ಯಾರು ಕೇಳಿದ್ರೂ ಅದನ್ನೇ ಹೇಳಿ," ಎಂದು ಅವರು ಎರಡೂ ಕೈಯಿಂದ ಅವನ ಕೈ ಕುಲುಕಿದರು. ಬೆರಳು ನೋಯುತ್ತಿದ್ದರಿಂದ ಫ್ರೇಮಣ್ಣನ ಕಣ್ಣಲ್ಲಿ ನೀರಾಡಿತು. ಅವರು ಅದನ್ನೂ ಬೇರೆಯಾಗಿ ತಿಳಿದರು.

ಮಾರನೆಯ ದಿನ ಅವನ ಅಂಗಡಿಗೆ ಗಿರಾಕಿಗಳು ಮುಗಿಬಿದ್ದರು. ಒಬ್ಬ ಹಳೆಯ ಸೈಲೆನ್ಸರಿಗೆ ಕಟ್ಟು ಹಾಕಿಕೊಡಿ ಎಂದು ತಂದ. ಇನ್ನೊಬ್ಬ ಖಾಲಿ ಹಾಳೆಯೊಂದಕ್ಕೆ ಗಾಜು ಕೂರಿಸಲು ಹೇಳಿ, "ನಿಮ್ಮ ಫೋಟೋ ಬಂದ್ಮೇಲೆ ಹಾಕ್ಕೋತೀನಿ," ಎಂದು ಕಣ್ಣು ಮಿಟುಕಿಸಿದ. ಫ್ರೇಮಣ್ಣ ಎದುರಿಗೆ ಬಂದವರಿಗೆಲ್ಲ ತನಗೆ ಡ್ರೈವಿಂಗೇ ಬರುವುದಿಲ್ಲವೆಂದು ಬಾಯಿ ನೋಯುವಷ್ಟು ಹೇಳಿದ. ಎಲ್ಲರೂ ತಲೆದೂಗಿದರು. ಚಾನೆಲ್ಲಿನವರು ಕಾಂಟ್ರಾಕ್ಟಿನಲ್ಲಿ ಹೀಗೇ ಹೇಳಬೇಕೆಂದು ಬರೆಸಿಕೊಂಡಿರುತ್ತಾರೆ ಎಂಬುದು ಅವರೆಲ್ಲರಿಗೂ ಗೊತ್ತಿತ್ತು. ಇಷ್ಟು ಚೆನ್ನಾಗಿ ಸುಳ್ಳು ಹೇಳುವವನನ್ನು ಚಾನೆಲ್ಲು ಸುಮ್ಮನೆ ಆರಿಸಿಲ್ಲ ಎಂದು ಬೀದಿಯಲ್ಲಿ ಮಾತಾಯಿತು.

ಅವನ ಹೆಂಡತಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. ಅಲ್ಲಿ ದವಡೆಗೆ ಹತ್ತಿ ತುರುಕಿಸಿಕೊಂಡು ಮಲಗಿದ್ದವರೂ ಅವಳನ್ನು ಹತ್ತಿರ ಕರೆದು "ಅಆಆಉ ಎಆಆ?" ಎಂದು ಕೇಳತೊಡಗಿದರು. ಯಜಮಾನರು ಎಲ್ಲಿದ್ದಾರೆ ಎಂದು ಅದರ ಅರ್ಥ.

"ಸೈಕಲ್ ತಗೊಂಡು ಹೋಗಿ ನಿಂತಿದ್ದ ರೋಡ್ ರೋಲರಿಗೆ ಗುದ್ದಿದವ್ರು ನೀವು," ಎಂದಳು ಅವಳು ಸಂಜೆ ಮನೆಗೆ ಬಂದು. "ಇವರಿಗೆಲ್ಲ ಏನು ತಲೆ ಕೆಟ್ಟಿದ್ಯಾ?"

"ನಾನೇನು ಮಾಡ್ಲೇ? ಇಲ್ಲ ಅಂದಷ್ಟೂ ಹೌದು ಅಂತಾರೆ."

ಇದನ್ನೆಲ್ಲ ಅವನು ನಕ್ಕು ಕಳೆಯುತ್ತಿದ್ದನೇನೋ. ಆದರೆ ಭಾವಮೈದ ಮನೆಗೆ ಬರುವುದನ್ನು ನಿಲ್ಲಿಸಿದ. ದಿನಾ ಸಂಜೆ ಕಾಫಿಗೆ ಬಂದು, ಸ್ಟವ್ ಪಕ್ಕದ ಕಟ್ಟೆಯ ಮೇಲೆ ಕೂತು ಅಕ್ಕನ ತಲೆ ತಿನ್ನುತ್ತಿದ್ದ ಹುಡುಗ ವಾರವಾದರೂ ಇತ್ತ ತಲೆ ಹಾಕಲಿಲ್ಲ. ಫ್ರೇಮಣ್ಣನೇ ಟೈರ್ ಅಂಗಡಿಗೆ ಹೋದ. ಹುಡುಗ ಪಂಕ್ಚರಾದ ಟ್ಯೂಬನ್ನು ನೀರಿಗದ್ದಿ ಗುಳ್ಳೆಗಳನ್ನೇ ನೋಡುತ್ತಿದ್ದ.

"ಯಾಕೋ, ಮನೆ ಕಡೆ ಬರ್ತಿಲ್ಲ?"

"ಊರಿಗೆಲ್ಲ ಗೊತ್ತಾದ್ಮೇಲೆ ನನಗೆ ಗೊತ್ತಾಯ್ತು ಭಾವ," ಎಂದ ಅವನು ತಲೆ ಎತ್ತದೆ. "ಮೊದಲನೇ ಸೀಸನ್ನಿಂದ ನೋಡ್ತಿದೀನಿ. ಯಾರಿಗೂ ಹೇಳ್ಬೇಡ ಅಂದಿದ್ರೆ ಹೇಳ್ತಿದ್ನಾ? ನನಗಾದ್ರೂ ಹೇಳ್ಬಹುದಿತ್ತು." ಟ್ಯೂಬನ್ನು ನೀರಿನಲ್ಲಿ ಇನ್ನಷ್ಟು ಆಳಕ್ಕೆ ಒತ್ತಿದ.

ಫ್ರೇಮಣ್ಣನ ಕರುಳು ಚುರುಕ್ಕೆಂದಿತು. ಏನಾದರೂ ಸಮಾಧಾನದ ಮಾತು ಆಡಬೇಕೆನಿಸಿ, "ಹೇಳೋ ಹಾಗಿರಲಿಲ್ಲ ಕಣೋ," ಎಂದುಬಿಟ್ಟ.

ಹುಡುಗನ ಮುಖ ಹೆಡ್‌ಲೈಟು ಹಾಕಿದ ಹಾಗೆ ಬೆಳಗಿತು. ಒದ್ದೆ ಕೈಯಲ್ಲೇ ಭಾವನನ್ನು ತಬ್ಬಿಕೊಂಡ. ಅಲ್ಲಿಗೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು.

ಆಮೇಲೆ ಫ್ರೇಮಣ್ಣ ಇಲ್ಲವೆನ್ನುವುದನ್ನು ಬಿಟ್ಟ. ಹೌದೆಂದೂ ಹೇಳಲಿಲ್ಲ. ಸಲಹೆ ಕೇಳಿ ಬಂದವರಿಗೆ ತನಗೆ ತಿಳಿದದ್ದನ್ನು ಹೇಳುತ್ತಿದ್ದ. "ಯಾವುದೇ ಆಗ್ಲಿ, ನಾಲ್ಕು ಮೂಲೆ ಸರಿಯಾಗಿ ಕೂಡ್ಬೇಕು. ಗಾಜು ಅಲ್ಲಾಡಬಾರದು. ಗೋಡೆಗೆ ಭಾರ ಆಗಬಾರದು." ಗೋಡೆಗೂ ಕಾರಿಗೂ ಏನು ಸಂಬಂಧವೆಂದು ಒಬ್ಬರೂ ಕೇಳಲಿಲ್ಲ. ಔಷಧಿ ಅಂಗಡಿಯವರು ಮಾತ್ರ ಷೋರೂಮಿಗೆ ಹೋಗಿ, ಕಾರನ್ನು ಗೋಡೆಗೆ ಒರಗಿಸಿ ತೋರಿಸಿ ಎಂದು ಪಟ್ಟು ಹಿಡಿದು ಕೂತರಂತೆ. ಮಾತು ಕಿವಿಗೆ ಬಿದ್ದಾಗ ಫ್ರೇಮಣ್ಣನಿಗೆ ನಾಚಿಕೆಯಾಯಿತು. ಸ್ವಲ್ಪ ಹೆಮ್ಮೆಯೂ ಆಯಿತು ಎಂದರೆ ಸುಳ್ಳಲ್ಲ. ಕಟ್ಟಿನೊಳಗಿನ ಮುಖಗಳನ್ನು ನೋಡುತ್ತಿದ್ದ ಜನ ಅವನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

ಸೀಸನ್ ಶುರುವಾಗುವ ಭಾನುವಾರ ಸಂಜೆ ಟೈರ್ ಅಂಗಡಿಯ ದೊಡ್ಡ ಟೀವಿಯನ್ನು ಹೊತ್ತುಕೊಂಡು ಇಡೀ ಸಂಘ ಫ್ರೇಮಣ್ಣನ ಮನೆಗೆ ಬಂತು. ಕುರ್ಚಿ ಸಾಲದೆ, ಅಂಗಡಿಯಿಂದ ಟೈರುಗಳನ್ನೇ ತಂದು ಅಡ್ಡ ಹಾಕಿಕೊಂಡು ಕೂತರು. ಅವನನ್ನು ನಡುವಿನ ಸೋಫಾದಲ್ಲಿ ಕೂರಿಸಿದರು. "ಎಲ್ಲಾದ್ರೂ ಓಡಿ ಹೋಗ್ಬಿಡ್ಲಾ?" ಎಂದು ಅವನು ಹೆಂಡತಿಯ ಕಿವಿಯಲ್ಲಿ ಕೇಳಿದ. "ಹೇಗೆ ಓಡ್ತೀರಾ, ಬಾಗಿಲಿಗೆ ಅಡ್ಡ ಟೈರಿದೆ," ಎಂದಳು ಅವಳು.

ಟೀವಿಯಲ್ಲಿ ಧೂಳೆಬ್ಬಿಸಿಕೊಂಡು ಒಂದು ಲಾರಿ ಬಂದು ನಿಂತಿತು. ಬಾಗಿಲು ತೆರೆಯಿತು. ಮೊದಲು ಕಪ್ಪು ಉಗುರಿನ ಆ ಕೈ ಕಾಣಿಸಿತು. ಸಂಘದವರು ಉಸಿರು ಬಿಗಿಹಿಡಿದರು. ಆಮೇಲೆ ಕೈಯ ಹಿಂದೆ ಅದರ ಒಡತಿ ಇಳಿದಳು. ಎತ್ತರದ ಹೆಂಗಸು, ಗಿಡ್ಡ ಕೂದಲು, ಹೆಬ್ಬೆರಳುಗಳಿಗೆ ಮಾತ್ರ ಕಪ್ಪು ನೇಲ್ ಪಾಲಿಶ್. ಮುರುಕು ಮರದ ಸೇತುವೆಯ ಮೇಲೆ ಲಾರಿಯನ್ನು ರಿವರ್ಸಿನಲ್ಲಿ ದಾಟಿಸುತ್ತೇನೆ ಎಂದು ಘೋಷಿಸಿದಳು.

ಎಲ್ಲರ ಮುಖ ಸೋಫಾದ ಕಡೆ ತಿರುಗಿತು. ಫ್ರೇಮಣ್ಣ ಏಟಿಗೆ ಸಿದ್ಧನಾದವನಂತೆ ಕತ್ತು ತಗ್ಗಿಸಿದ. ಕನ್ನಡಕದಂಗಡಿಯವರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಕೊನೇ ಗಳಿಗೇಲಿ ತೆಗೆದುಹಾಕಿದ್ರಾ?"

"ಅಯ್ಯೋ, ಹಾಗಲ್ಲ ಸಾರ್..."

"ಮಾತಾಡ್ಬೇಡಿ. ನಿಮಗೆಷ್ಟು ಸಂಕಟ ಆಗ್ತಿದೆ ಅಂತ ಕಾಣ್ತಿದೆ." ಅವರು ಸಂಘದ ಕಡೆ ತಿರುಗಿದರು. "ನಮ್ಮವರಿಗೆ ಇಂಥಾ ಅನ್ಯಾಯ ಮಾಡಿದ ಸೀಸನ್ ನಮಗೆ ಬೇಡ. ಆರಿಸಿ."

ಭಾವಮೈದ ಕಣ್ಣೊರೆಸಿಕೊಂಡು ಟೀವಿ ಆರಿಸಿದ. ಲಾರಿಯ ಹಿಂದಿನ ಚಕ್ರ ಸೇತುವೆಗೆ ತಾಗಿತ್ತಷ್ಟೇ.

"ಇರ್ಲಿ, ಹಾಕಿ. ನನಗೇನೂ ಬೇಜಾರಿಲ್ಲ," ಎಂದು ಫ್ರೇಮಣ್ಣ ಕೈಮುಗಿದ. ಹಿಂದೆಂದೂ ಆ ಕಾರ್ಯಕ್ರಮ ನೋಡಿರದ ಅವನಿಗೆ ಆ ಸೇತುವೆ ಏನಾಯಿತೋ ಎಂದು ಜೀವ ಒದ್ದಾಡುತ್ತಿತ್ತು. ಅವನ ದೊಡ್ಡ ಮನಸ್ಸನ್ನು ಎಲ್ಲರೂ ಕೊಂಡಾಡಿದರು. ಟೀವಿ ಹಾಕಲಿಲ್ಲ. ಕಾರ್ಯಕ್ರಮ ಮುಗಿಯುವ ಹೊತ್ತಿನವರೆಗೂ ಕಪ್ಪು ಪರದೆಯ ಮುಂದೆ ಮೌನವಾಗಿ ಕೂತಿದ್ದು, ಟೀವಿ, ಟೈರು ಹೊತ್ತುಕೊಂಡು ಹೊರಟರು.

ಅಲ್ಲಿಂದ ಪ್ರತಿ ಭಾನುವಾರ ಸಂಘದವರು ಮಾಳಿಗೆಯಲ್ಲಿ ಸೇರಿ, ಆರಿಸಿದ ಟೀವಿಯ ಎದುರು ಕೂತು 'ಗಾಲಿ ಗಲಾಟೆ' ನೋಡದೇ ಇರುತ್ತಿದ್ದರು. ಮನಸ್ಸು ನೋಯುತ್ತದೆಂದು ಫ್ರೇಮಣ್ಣನನ್ನು ಕರೆಯುತ್ತಿರಲಿಲ್ಲ. ಅವನು ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಹೆಂಡತಿಯ ಜೊತೆ ಮೊಬೈಲಿನಲ್ಲಿ ಸಣ್ಣ ದನಿಯಿಟ್ಟು ನೋಡುತ್ತಿದ್ದ. ಎಂಜಿನ್ ಗುಡುಗಿದಾಗ ಇಬ್ಬರೂ ಅದರ ಮೇಲೆ ದಿಂಬು ಒತ್ತಿ ಹಿಡಿಯುತ್ತಿದ್ದರು.

ಸೀಸನ್ ಮುಗಿಯಲು ಬಂದಿದ್ದ ಒಂದು ಭಾನುವಾರ ಯಾರೂ ತಟ್ಟದೆಯೇ ಬಾಗಿಲು ತೆರೆಯಿತು. ಭಾವಮೈದ. ಅವನ ನೋಟ ದಿಂಬಿನ ಕೆಳಗಿನಿಂದ ಬರುತ್ತಿದ್ದ ಬೆಳಕಿನ ಮೇಲೆ ನೆಟ್ಟಿತು. ಫ್ರೇಮಣ್ಣ ದಿಂಬನ್ನು ಇನ್ನಷ್ಟು ಒತ್ತಿ ಹಿಡಿದ.

"ಆ ಹೆಂಗಸು ಹೇಗೆ ಓಡಿಸ್ತಾಳೆ ಭಾವ?" ಎಂದು ಹುಡುಗ ಪಿಸುಗುಟ್ಟಿದ.

"ತುಂಬಾ ಚೆನ್ನಾಗಿ ಓಡಿಸ್ತಾಳೆ ಕಣೋ."

ಹುಡುಗ ಹೊರಗೊಮ್ಮೆ ಇಣುಕಿ, ಬಾಗಿಲು ಹಾಕಿ ಚಿಲಕ ಜಡಿದ. ಅಕ್ಕ ಗೋಡೆಯ ಕಡೆ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.