ನಿಂತಾಗ ಹತ್ತುವ ದೀಪ

ಮಷೀನು ನಿಂತರೂ ಹಾಡು ನಿಲ್ಲಲಿಲ್ಲ.

ರಜಾಯಿ ಹೊಲಿಯುವ ಉದ್ದನೆಯ ಶೆಡ್ಡು. ಸಾಲು ಸೂಜಿಗಳ ಅಬ್ಬರ ಒಮ್ಮೆಗೇ ಅಡಗಿತ್ತು. ಮಾಡಿನ ಗಾಜಿನಿಂದ ಇಳಿದ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಅವಸರವಿಲ್ಲದೆ ತೇಲುತ್ತಿದ್ದವು. ಆ ಮೌನದ ನಡುವೆ ಒಂದು ಗಂಡುದನಿ ತನ್ನ ಪಾಡಿಗೆ ತಾನು ಹರಿಯುತ್ತಿತ್ತು: "ಉಪ್ಪು ಹೆಚ್ಚಾಯ್ತು ಅಂದೆ ನಾನು, ಮುನಿದು ಕೂತಳು ಮಹಾರಾಣಿ..."

ಹಾಡುತ್ತಿದ್ದವನು ಹತ್ತಿಯ ಹಾಸನ್ನು ರೋಲರಿನೊಳಗೆ ತಳ್ಳುವ ಕೆಲಸದವನು. ಎಲ್ಲರಿಗೂ ಬೆನ್ನು ಮಾಡಿ ನಿಂತಿದ್ದ. ಪಕ್ಕದಲ್ಲಿ ಬಟ್ಟೆಯ ಅಂಚು ಹಿಡಿದಿದ್ದ ಅವನ ಹೆಂಡತಿ ಮೊಣಕೈಯಿಂದ ತಿವಿದಳು. ಆಗ ಹಾಡೂ ನಿಂತಿತು, ತಳ್ಳುತ್ತಿದ್ದ ಕೈಯೂ ನಿಂತಿತು. ಶೆಡ್ಡು ಗೊಳ್ಳೆಂದು ನಕ್ಕಿತು.

"ಭಾಗವತರೇ, ಆಮೇಲೆ ಮಹಾರಾಣಿ ಏನ್ಮಾಡಿದ್ಲು?" ಎಂದು ಯಾರೋ ಕೂಗಿದರು. ಭಾಗವತರು ತಿರುಗಿ ನೋಡಲೂ ಇಲ್ಲ.

ಮಷೀನನ್ನು ನಡೆಸುವ ಕಂಟ್ರೋಲರಿನ ಪೆಟ್ಟಿಗೆಯ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಹೆಂಗಸು ಮಾತ್ರ ನಗಲಿಲ್ಲ. ಮಷೀನು ರಿಪೇರಿಗೆ ಹೊರಗಿನಿಂದ ಬಂದವಳು. ಶೆಡ್ಡಿನವರು ಅವಳಿಗೆ ಮೊದಲ ದಿನವೇ ಡಾಕ್ಟ್ರಮ್ಮ ಎಂದು ಹೆಸರಿಟ್ಟಿದ್ದರು. ಹಳೆಯ ಕಂಟ್ರೋಲರು ಸುಟ್ಟು ಹೊಸದು ಬಂದಿತ್ತು. ಆದರೆ ಅದರ ಸಾಫ್ಟ್‌ವೇರಿನ ಲೈಸೆನ್ಸು ಹಳೆಯದಕ್ಕೇ ಅಂಟಿಕೊಂಡಿತ್ತು. ಹೊಸ ಲೈಸೆನ್ಸು ಬರುವ ತನಕ ಕಂಟ್ರೋಲರು ನೆಂಟರ ಮನೆಯಲ್ಲಿದ್ದಂತೆ ಸ್ವಲ್ಪ ಹೊತ್ತು ದುಡಿದು, ಹೇಳದೆ ಕೇಳದೆ ನಿಂತುಬಿಡುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥದಕ್ಕೇ.

ಅದು ಹೋಗಲಿ. ಮತ್ತೆ ಚಾಲೂ ಮಾಡಿದ ಕೂಡಲೇ ರೋಲರಿನ ಮೋಟರು ದೋಷ ತೋರಿಸಿ ಮುಷ್ಕರ ಹೂಡುತ್ತಿತ್ತು. ಪರದೆಯ ಮೇಲೆ ಎರಡು ಗೆರೆಗಳು: ಮೋಟರು ಎಲ್ಲಿರಬೇಕು ಎಂಬುದು ಒಂದು, ಎಲ್ಲಿದೆ ಎಂಬುದು ಇನ್ನೊಂದು. ಎಲ್ಲ ಸರಿಯಿದ್ದರೆ ಎರಡೂ ಒಂದೇ ಗೆರೆಯಾಗಿ ಕಾಣುತ್ತವೆ. ಇಲ್ಲಿ ಪ್ರತಿಸಲ ಎರಡನೆಯದು ಹಿಂದೆ ಉಳಿಯುತ್ತಿತ್ತು. ಅವಳು ರೋಲರಿನ ಮುಚ್ಚಳ ಬಿಚ್ಚಿದಳು. ಒಳಗೆ ಹತ್ತಿ ಉಂಡೆಗಟ್ಟಿ ಸಿಕ್ಕಿಕೊಂಡಿತ್ತು. ಮಷೀನು ನಿಂತ ಮೇಲೂ ಯಾರೋ ತಳ್ಳುತ್ತಲೇ ಇದ್ದ ಹತ್ತಿ. ಅದನ್ನು ತಳ್ಳಿದವರು ಯಾರು, ಯಾಕೆ ಎಂಬುದನ್ನು ಹಾಡು ಆಗಲೇ ಹೇಳಿಬಿಟ್ಟಿತ್ತು. ತಿಳಿದದ್ದಕ್ಕೆ ಅವಳಿಗೆ ಸಂತೋಷವಾಗಲಿಲ್ಲ.

ಮ್ಯಾನೇಜರು ಬಂದರು. ಸಿಡುಕಿನ ಮನುಷ್ಯ, ಕೆಟ್ಟವರಲ್ಲ. "ಲೈಸೆನ್ಸ್ ಕೊಡೋರಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು ಮೇಡಂ. ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗೆ!"

ಬಟ್ಟೆ ಮಡಚುತ್ತಿದ್ದ ಭಾಗವತರ ಹೆಂಡತಿಯ ಕೈ ಒಂದು ಗಳಿಗೆ ತಡೆಯಿತು.

"ಈ ಮೋಟರ್ ಸಿಕ್ಕಿಕೊಳ್ಳೋದು ಯಾಕೆ ಅಂತ ಇವತ್ತೇ ಹೇಳಿಬಿಡಿ. ಯಾರದಾದ್ರೂ ತಪ್ಪಿದ್ರೆ ಅವರನ್ನ ಅಲ್ಲಿಂದ ತೆಗೀತೀನಿ" ಎಂದು ಹೇಳಿ ಹೋದರು.

ನೀರಿನ ನಲ್ಲಿಯ ಬಳಿ ಡಾಕ್ಟ್ರಮ್ಮ ಕೈ ತೊಳೆಯುತ್ತಿದ್ದಾಗ ಭಾಗವತರ ಹೆಂಡತಿ ಬಂದು ನಿಂತಳು. ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುವ ದಪ್ಪ ಮುಚ್ಚಳಗಳು ಈಗ ಕೊರಳಿಗೆ ಇಳಿದಿದ್ದವು. ಮಷೀನು ಓಡುವಾಗ ಅವುಗಳನ್ನು ಅವಳು ಅಪ್ಪಿತಪ್ಪಿಯೂ ಸರಿಸುತ್ತಿರಲಿಲ್ಲ.

"ನಿಮಗೆ ಗೊತ್ತಾಯ್ತು ಅಲ್ವಾ ಡಾಕ್ಟ್ರಮ್ಮ?"

"ಆಯ್ತಮ್ಮ. ಯಾವಾಗಿಂದ ಹೀಗೆ?"

"ಈ ಮುಚ್ಚಳ ಹಾಕ್ಕೊಳ್ಳಿ ಅಂತ ಬಡ್ಕೊಂಡೆ, ಕೇಳಲಿಲ್ಲ. ಈಗ ಏನೂ ಕೇಳಿಸಲ್ಲ." ತನ್ನ ಮಾತಿಗೆ ತಾನೇ ನಕ್ಕು, ಸೆರಗಿನಿಂದ ಮೂಗೊರೆಸಿಕೊಂಡಳು. "ಹಿಂದೆ ಇನ್ನೊಬ್ರಿಗೆ ಹೀಗೇ ಆದಾಗ, ಕಿವಿ ಮಂದ ಆದೋರು ಮಷೀನ್ ಹತ್ರ ನಿಲ್ಲಬಾರದು ಅಂತ ಮನೆಗೆ ಕಳಿಸಿಬಿಟ್ರು. ಇವರನ್ನ ಮನೇಲಿ ಕೂರಿಸಿದ್ರೆ ಕರಗಿ ಹೋಗ್ತಾರೆ."

"ಹಾಡೋದು ನಿಲ್ಲಿಸಿ ಅಂತ ನೀವಾದ್ರೂ ಹೇಳಬಾರದಿತ್ತಾ? ಅದರಿಂದಲೇ ಅಲ್ವಾ ಗೊತ್ತಾಗಿದ್ದು."

ಅವಳು ನಲ್ಲಿಯನ್ನು ಸುಮ್ಮನೆ ತಿರುಗಿಸಿ ಮತ್ತೆ ಮುಚ್ಚಿದಳು. "ಇಷ್ಟು ವರ್ಷ ಆ ತುಟಿ ಆಡೋದು ನೋಡಿ, ನನ್ನನ್ನೇ ಬಯ್ಕೋತಾರೆ ಅಂದ್ಕೊಂಡಿದ್ದೆ. ಮನೇಲಿ ತುಟಿಪಿಟಕ್ ಅನ್ನಲ್ಲ. ತನ್ನ ದನಿ ತನಗೇ ಕೇಳದಿರೋದಕ್ಕೆ ನಾಚಿಕೆ. ಈ ಮಷೀನು ಮಧ್ಯೆ ಮಧ್ಯೆ ನಿಲ್ಲೋಕೆ ಶುರುವಾದ ಮೇಲೆ ತಾನೇ ಗೊತ್ತಾಗಿದ್ದು, ಬೆಳಿಗ್ಗೆ ನಾನು ಮಾಡಿದ್ದೆಲ್ಲ ಇಲ್ಲಿ ಪದ ಆಗ್ತಿತ್ತು ಅಂತ. ಹೇಳಿದ್ರೆ ಹಾಡೋದೇ ಬಿಟ್ಟುಬಿಡ್ತಾರೆ. ಹೇಳಬೇಕು ಹೇಳಬೇಕು ಅಂತ ದಿನಾ ಹೊರಡ್ತೀನಿ, ಬಾಯೇ ಬರಲ್ಲ."

ಸಂಜೆ ಡಾಕ್ಟ್ರಮ್ಮ ಮ್ಯಾನೇಜರ ಕೋಣೆಗೆ ಹೋದಳು. "ಹತ್ತಿ ತಳ್ಳೋ ಜಾಗದಲ್ಲಿ ಮಷೀನು ನಿಂತಿದೆ ಅಂತ ತೋರಿಸೋಕೆ ಒಂದು ದೀಪವೂ ಇಲ್ಲ. ಹತ್ತಿ ಒಳಗೆ ತುಂಬಿಕೊಳ್ಳುತ್ತೆ."

"ದೀಪ ಯಾಕೆ? ಸದ್ದು ನಿಂತ್ರೆ ಗೊತ್ತಾಗಲ್ವಾ? ಸಂಜೆ ಪಾಳಿಯವರು ತಳ್ಳಲ್ವಲ್ಲ!"

"ಅವರು ಹರಟೆ ಹೊಡೀತಾ ನಾಲ್ಕೂ ಕಡೆ ನೋಡ್ತಿರ್ತಾರೆ. ಹಗಲು ಪಾಳಿಯವರು ತಲೆ ಎತ್ತೋದಿಲ್ಲ, ಕೆಲಸ ಮಾಡ್ತಾರೆ. ಕಿವಿ ಮುಚ್ಕೊಂಡು ಕೆಲಸ ಮಾಡಿ ಅಂತ ಬೋರ್ಡ್ ಹಾಕಿರೋರು ನೀವೇ. ಕಿವೀನ ನಂಬಿ ಮಷೀನು ಓಡಿಸೋದು ಯಾರಿಗೂ ಕ್ಷೇಮ ಅಲ್ಲ ಸಾರ್."

ಮ್ಯಾನೇಜರಿಗೆ ಎಷ್ಟು ಅರ್ಥವಾಯಿತೋ ದೇವರೇ ಬಲ್ಲ. "ಹಾಕಿ, ದೀಪ ಹಾಕಿ" ಎಂದರು.

ಮರುದಿನ ಲೈಸೆನ್ಸೂ ಬಂತು. ಅದನ್ನು ತುಂಬುವ ಮೊದಲು ದೀಪದ ಪರೀಕ್ಷೆಯಾಗಬೇಕಿತ್ತು. ಭಾಗವತರ ಕಣ್ಣೆದುರಿಗೇ ಅಂಗೈಯಗಲದ ಕೆಂಪು ದೀಪವೊಂದು ಕೂತಿತ್ತು. ಡಾಕ್ಟ್ರಮ್ಮ ಮಷೀನನ್ನು ನಿಲ್ಲಿಸಿದಳು. ದೀಪ ಹತ್ತಿತು, ಅವನ ಕೈ ತಕ್ಷಣ ನಿಂತಿತು. ತುಟಿಯೂ ನಿಂತಿತು. ಶೆಡ್ಡಿನ ತುಂಬ ಎಳೆಗಳು ತೇಲುವ ಮೌನ. ಅವನು ದೀಪ ನೋಡಿ, ಹೊಸ ಆಟಿಕೆ ಸಿಕ್ಕವನಂತೆ ಹೆಂಡತಿಯ ಕಡೆ ಹುಬ್ಬು ಹಾರಿಸಿದ. ಅವಳೂ ಹುಬ್ಬು ಹಾರಿಸಿದಳು.

ಆಮೇಲೆ ಪೆಟ್ಟಿಗೆಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಈ ದೀಪ ಒಂಚೂರು ತಡವಾಗಿ ಹತ್ತೋ ಹಾಗೆ ಮಾಡೋಕಾಗುತ್ತಾ?"

"ತಡವಾದ್ರೆ ಮತ್ತೆ ಹತ್ತಿ ಸಿಕ್ಕಿಕೊಳ್ಳುತ್ತಮ್ಮ."

"ಗೊತ್ತು. ಸುಮ್ನೆ ಕೇಳಿದೆ."

ಡಾಕ್ಟ್ರಮ್ಮ ಲೈಸೆನ್ಸು ತುಂಬಿ ಒಪ್ಪಿಗೆಯ ಗುಂಡಿ ಒತ್ತಿದಳು. ಸೂಜಿಗಳು ಅಬ್ಬರಿಸಿದವು. ಪರದೆಯ ಎರಡು ಗೆರೆಗಳು ಕೂಡಿಕೊಂಡು ಒಂದಾಗಿ ಓಡತೊಡಗಿದವು. ಇನ್ನು ಈ ಮಷೀನು ತಾನಾಗಿ ನಿಲ್ಲುವುದಿಲ್ಲ.

ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಡುವಾಗ ಅವಳು ಬಾಗಿಲಲ್ಲಿ ತಿರುಗಿ ನೋಡಿದಳು. ಭಾಗವತರು ಹತ್ತಿ ತಳ್ಳುತ್ತಿದ್ದರು, ತುಟಿ ಆಡುತ್ತಿತ್ತು. ಪಕ್ಕದಲ್ಲಿ ಬಟ್ಟೆಯ ಅಂಚು ಹಿಡಿದಿದ್ದ ಹೆಂಡತಿ, ಮ್ಯಾನೇಜರು ಎಲ್ಲಿದ್ದಾರೆಂದು ಒಮ್ಮೆ ನೋಡಿ, ಗಂಡನ ಕಡೆಯ ಕಿವಿಯ ಮುಚ್ಚಳವನ್ನು ಬೆರಳಿನಿಂದ ಸ್ವಲ್ಪವೇ ಮೇಲೆ ಸರಿಸಿಕೊಂಡಳು.