ಸವೇತಾ ಕಾಯ್ದ ಗುಟ್ಟು

ನಮ್ಮ ಪ್ರಾರ್ಥನಾ ಮಂದಿರದಲ್ಲಿ ವಾರಕ್ಕೊಬ್ಬರಿಗೆ ಒಂದು ವಚನ. ಪಾಸ್ಟರ್ ಟ್ರಾಯನ್ ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದಿಂದ ಆರಿಸಿ ಒಪ್ಪಿಸುತ್ತಾರೆ. ಸಿಕ್ಕವರು ಅದರಂತೆ ನಡೆದು, ಮುಂದಿನ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಬೇಕು. ಸೋಮಾರಿತನದ ವಚನ ಸಿಕ್ಕಾಗ ನಾನು ಬೇಲಿ ರಿಪೇರಿ ಮಾಡಿದ್ದೆ. ಆ ಸಲ ನನ್ನ ಹೆಂಡತಿ ಸವೇತಾಳಿಗೆ ಬಂದದ್ದು ಗುಟ್ಟು ಕಾಯುವವರ ವಚನ. ಸಭೆಯೆಲ್ಲ ಒಳಗೊಳಗೇ ನಕ್ಕಿತು. ಅವಳ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲವೆಂದು ಊರಿಗೇ ಗೊತ್ತು. ನಾನೂ ನಕ್ಕೆ.

ಆ ವಾರವೇ ಪಕ್ಕದ ಮನೆಯ ರೊಜಾಲಿಯಾ ಅಂಗಳದಲ್ಲಿ ಪ್ಲಮ್ ಹಣ್ಣಿನ ಜಾಮ್ ಕಾಯಿಸುತ್ತಿದ್ದಳು. ಕಡಾಯಿ ತಿರುವಲು ಸವೇತಾ ಕೈಜೋಡಿಸಿದಳು. ಬೆಂಕಿಯ ಮುಂದೆ ಅವರಿಬ್ಬರೂ ಏನೋ ಮಾತಾಡಿದ್ದು, ರೊಜಾಲಿಯಾ ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯಲ್ಲೇ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತ್ತು. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಸವೇತಾ ತುಟಿ ಬಿಚ್ಚಲಿಲ್ಲ. ಬ್ರೆಡ್ಡಿನ ಅಂಗಡಿಯಲ್ಲೂ ಬಿಚ್ಚಲಿಲ್ಲ. ನನಗೆ ಹೆಮ್ಮೆಯೇ ಆಯಿತು.

ಭಾನುವಾರ ಹೊಸ ತಲೆವಸ್ತ್ರ ಕಟ್ಟಿಕೊಂಡು ಎದ್ದು ನಿಂತಳು.

"ಒಬ್ಬ ಸಹೋದರಿ ನನ್ಹತ್ರ ಅತ್ಕೊಂಡು ಹೇಳಿದ್ರು. ಎಂಥಾ ವಿಷಯ ಅಂತೀರಿ! ಇಟಲಿಗೆ ಹೋದ ಗಂಡ ಅಲ್ಲಿ ಇನ್ನೊಬ್ಳ ಜೊತೆ ಮನೆ ಮಾಡಿದಾನೆ. ಅತ್ತೆಗೆ ತಿಳಿದ್ರೆ ತಡ್ಕೊಳಲ್ಲ, ನಾನೇ ಹೋಗಿ ಗಂಡನ್ನ ಕರ್ಕೊಂಡು ಬರ್ತೀನಿ, ಅಲ್ಲೀವರ್ಗೂ ಯಾರಿಗೂ ಹೇಳೋದು ಬೇಡ ಅಂದ್ರು. ಬೇರೆಯವ್ರಾಗಿದ್ರೆ ಊರೆಲ್ಲ ಸಾರ್ತಿದ್ರು. ನಾನು ಗಂಡಂಗೂ ಹೇಳ್ಲಿಲ್ಲ. ಈಗ್ಲೂ ಅಷ್ಟೇ, ಹೆಸರು ಮಾತ್ರ ಹೇಳಲ್ಲ!"

ಸಾಕ್ಷಿ ಮುಗಿದರೆ ಆಮೆನ್ ಅನ್ನುವುದು ರೂಢಿ. ಅಂದುಬಿಟ್ಟೆವು. ನಮ್ಮ ಸಭೆಯಿಂದ ಹೊರದೇಶಕ್ಕೆ ದುಡಿಯಲು ಹೋಗುವ ಗಂಡಸರು ಹೋಗುವುದು ಜರ್ಮನಿಗೆ. ಇಟಲಿಗೆ ಹೋದವನು ರೊಜಾಲಿಯಾಳ ಗಂಡ ಸಾಂದು ಒಬ್ಬನೇ. ತಲೆಗಳೆಲ್ಲ ಅವಳತ್ತ ತಿರುಗಿದವು. ಪಕ್ಕದಲ್ಲಿ ಅವಳ ಅತ್ತೆ ಲೂದೊವಿಕಾ ಕೂತಿದ್ದಳು. ಮಗ ಕ್ರಿಸ್‌ಮಸ್‌ಗೆ ಬರುತ್ತಾನೆಂದು ಆಗಲೇ ಹಂದಿ ಕೊಬ್ಬಿಸುತ್ತಿದ್ದವಳು. ಕಿವಿ ಮಂದ.

"ಯಾರ ಗಂಡನಂತೆ?" ಎಂದು ಸೊಸೆಯನ್ನು ಗಟ್ಟಿಯಾಗಿ ಕೇಳಿದಳು.

ಸೊಸೆ ತಲೆ ತಗ್ಗಿಸಿದಳು. ಮುದುಕಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು, ಮತ್ತೆ ಕೇಳಲಿಲ್ಲ. ಸವೇತಾ ಆಗಲೇ ಕುಸಿದು ಕೂತಿದ್ದಳು. ಅವಳ ಕಿವಿ, ಕತ್ತು ಎಲ್ಲ ಕೆಂಪು. ನನಗಂತೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮೂರು ದಿನ ಅವಳು ಆ ಮನೆಯತ್ತ ಸುಳಿಯಲೇ ಇಲ್ಲ. ಆಮೇಲೆ ಧೈರ್ಯ ಮಾಡಿ ಬೇಲಿಯ ಹತ್ತಿರ ಹೋದಳು. ನಾನು ಸೌದೆ ಒಡೆಯುತ್ತ ಕಿವಿಗೊಟ್ಟೆ.

"ತಪ್ಪಾಯ್ತು ಕಣೆ ರೊಜಾಲಿಯಾ. ಮುಖ ತೋರ್ಸಕ್ಕೆ ನಾಚ್ಕೆ ಆಗುತ್ತೆ."

ರೊಜಾಲಿಯಾ ಕಡಾಯಿ ಉಜ್ಜುತ್ತಲೇ ಕೇಳಿದಳು. "ನೀವು ಇಲ್ಲಿಗೆ ಬರೋದು ಯಾರ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ಧೈರ್ಯ ಕೊಡು ದೇವ್ರೇ ಅಂತ ನನಗೋಸ್ಕರ ಬೇಡ್ಕೊಳ್ಳಿ ಅಂತ ನಿನ್ನೆ ಹೆಂಗಸರ ಕೂಟದಲ್ಲಿ ಮಾತ್ರ..."



"ತಪ್ಪು ಒಪ್ಕೊಳ್ಳೋದಕ್ಕೂ ನಿಮಗೆ ಜನ ಬೇಕಲ್ಲ, ಸವೇತಕ್ಕ," ಎಂದು ರೊಜಾಲಿಯಾ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಶನಿವಾರ ಮುದುಕಿ ಲೂದೊವಿಕಾ ತಾನೇ ನಮ್ಮ ಮನೆಗೆ ಬಂದಳು. ಸವೇತಾಳನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿಕೊಂಡಳು. ಬಹಳ ಹೊತ್ತಾದ ಮೇಲೆ ಹೊರಬಂದಾಗ ಇಬ್ಬರ ಕಣ್ಣೂ ಊದಿದ್ದವು.

ಮರುದಿನ ಪಾಸ್ಟರ್ ಎಲ್ಲರೆದುರು ಕೇಳಿದರು. "ಸಹೋದರಿ ಸವೇತಾ, ರಾಜಿ ಆಯ್ತಾ? ಸಾಕ್ಷಿ ಹೇಳ್ತೀರಾ?"

ಸಭೆ ಕಿವಿ ನಿಮಿರಿಸಿತು. ಸವೇತಾ ಎದ್ದಳು, ಮುದುಕಿಯನ್ನು ನೋಡಿದಳು. "ಹೇಳೋದೇನೂ ಇಲ್ಲ," ಎಂದು ಕೂತಳು. ಈ ಸಲ ಯಾರೂ ಆಮೆನ್ ಅನ್ನಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಅಜ್ಜಿ ಏನಂದ್ಲು? ನನ್ಹತ್ರ ಹೇಳಿದ್ರೆ ಏನೀಗ?" ಎಂದೆ.

ಅವಳು ನಿಂತು ನನ್ನ ಮುಖ ನೋಡಿದಳು, ಆ ಭಾನುವಾರ ಮುದುಕಿ ನಮ್ಮನ್ನೆಲ್ಲ ನೋಡಿದ ಹಾಗೆ. ನನ್ನ ಕಿವಿ ಬಿಸಿಯಾಯಿತು. ಮನೆಯವರೆಗೂ ನಾನು ತಲೆ ಎತ್ತಲಿಲ್ಲ.